ಹಾಲು ಬಿಟ್ಟ ಹಂದಿಮರಿಯ ಮೂತಿಗೆ ಕೆಲಸ ಬೇಕು

ತೋಟದ ಜೊತೆಗೆ ಹಂದಿ ಸಾಕುವುದು ಕೊಡಗಿನ ಬೆಳೆಗಾರರಿಗೆ ಹೊಸದೇನಲ್ಲ. ಕೂಡಿಗೆಯಲ್ಲಿ ಸರ್ಕಾರದ ಹಂದಿ ತಳಿ ಸಂವರ್ಧನಾ ಕೇಂದ್ರವೇ ಇದೆ. ಹಿಂದೆ ನಾಟಿ ಹಂದಿಗಳು ಮಣ್ಣು ಕೆದಕಿಕೊಂಡು ಬೆಳೆಯುತ್ತಿದ್ದವು. ಈಗಿನ ಯಾರ್ಕ್‌ಷೈರ್ ಮರಿಗಳಿಗೆ ಸಿಮೆಂಟು ನೆಲ, ನಾಲ್ಕು ಗೋಡೆ, ಹೊತ್ತಿಗೆ ಸರಿಯಾಗಿ ಹಿಂಡಿ. ತಡಸ, ಹಾನಗಲ್ಲ ಕಡೆಯ ಅಡಿಕೆ ಬೆಳೆಗಾರರಲ್ಲಿ ಇಂಥ ಕೊಟ್ಟಿಗೆ ಕಟ್ಟುವ ಯೋಚನೆಯಿರುವವರು ಮುಂದಿನ ಸಂಗತಿಯನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ತಾಯಿಯಿಂದ ಬೇರ್ಪಟ್ಟ ಕೆಲವೇ ದಿನಗಳಲ್ಲಿ ಮರಿಗಳು ಒಂದರ ಹೊಟ್ಟೆಯನ್ನು ಇನ್ನೊಂದು ಮೂತಿಯಿಂದ ತಿವಿಯಲು, ಕಿವಿ ಚೀಪಲು ತೊಡಗುತ್ತವೆ. ಮುಂದೆ ಬಾಲಕ್ಕೆ ಬಾಯಿ ಹಾಕುತ್ತವೆ. ಒಮ್ಮೆ ರಕ್ತ ಕಂಡಿತೆಂದರೆ ಇಡೀ ಗುಂಪು ಅದೇ ಮರಿಯ ಬೆನ್ನು ಹತ್ತುತ್ತದೆ. ಗಾಯದ ಕೀವು ಬೆನ್ನುಹುರಿಯವರೆಗೂ ಏರಿ ಹಿಂಗಾಲು ಬಿದ್ದುಹೋಗಬಹುದು. ಬದುಕಿದರೂ ತೂಕ ಬರುವುದಿಲ್ಲ. ಸಣ್ಣ ಸಾಕಣೆದಾರನಿಗೆ ಒಂದು ಮರಿಯ ನಷ್ಟವೂ ಸಣ್ಣದಲ್ಲ.

ಇದನ್ನು ಮರಿಯ ಕೆಟ್ಟ ಬುದ್ಧಿ ಎನ್ನುವವರುಂಟು. ನಾವು ಹಾಗೆ ಎಣಿಸುವುದಿಲ್ಲ. ಎಡಿನ್‌ಬರೋದಲ್ಲಿ ಸ್ಟೋಲ್ಬಾ ಮತ್ತು ವುಡ್-ಗುಶ್ ಎಂಬ ವಿಜ್ಞಾನಿಗಳು ಸಾಕುಹಂದಿಗಳನ್ನು ಮರಗಿಡಗಳಿದ್ದ ಬಯಲಿಗೆ ಬಿಟ್ಟು ನೋಡಿ, ೧೯೮೯ರಲ್ಲಿ ವರದಿ ಪ್ರಕಟಿಸಿದರು. ಹಗಲಿನ ಅರ್ಧದಷ್ಟು ಹೊತ್ತು ಅವು ಮೇಯುವುದರಲ್ಲಿ, ನೆಲ ಕೆದಕುವುದರಲ್ಲಿ ಕಳೆದವು. ಹೊಟ್ಟೆಗೆ ಹಾಕಿದ ಮಾತ್ರಕ್ಕೆ ಮೂತಿಯ ಹಸಿವು ಹೋಗದು. ಕೆದಕಲು ಏನೂ ಇಲ್ಲದ ಕಡೆ ಪಕ್ಕದ ಮರಿಯ ಬಾಲವೇ ಸಿಗುವ ವಸ್ತು. ಇಕ್ಕಟ್ಟು, ಚಳಿಗಾಳಿ, ಬಾನಿಯಲ್ಲಿ ಜಾಗ ಸಾಲದಿರುವುದು, ಉಪ್ಪಿನ ಕೊರತೆ, ಕಾಯಿಲೆ ಇವೂ ಸೇರಿದರೆ ಪಿಡುಗು ಬಲಿಯುತ್ತದೆ. ಯುರೋಪಿನ ಒಕ್ಕೂಟದ ನಿಯಮದಂತೆ ಅಲ್ಲಿನ ಹಂದಿಗಳಿಗೆ ಹುಲ್ಲು, ಮರ, ಮರದ ಹೊಟ್ಟಿನಂಥ ಕೆದಕುವ ವಸ್ತು ಸದಾ ಸಿಗಬೇಕು. ರೂಢಿಗಾಗಿ ಎಲ್ಲ ಮರಿಗಳ ಬಾಲ ಕತ್ತರಿಸುವಂತಿಲ್ಲ.

ಕೊಟ್ಟಿಗೆಯಲ್ಲಿ ಕಬ್ಬಿಣದ ಸರಪಳಿಯನ್ನೋ ಹಳೆಯ ಟೈರನ್ನೋ ತೂಗಹಾಕಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಎರಡು ಮೂರು ದಿನದಲ್ಲಿ ಮರಿ ಅದನ್ನು ಮರೆತುಬಿಡುತ್ತದೆ. ಅಗಿಯಲು, ಹರಿಯಲು, ಒಂದಿಷ್ಟು ತಿನ್ನಲೂ ಬರುವ ವಸ್ತುವೇ ಅದಕ್ಕೆ ಬೇಕು. ಹಾನಗಲ್ಲ ಸೀಮೆಯಲ್ಲಿ ಭತ್ತದ ಹುಲ್ಲಿಗೆ ಬರವಿಲ್ಲ. ದಿನಕ್ಕೆರಡು ಸಲ ಒಂದೊಂದು ಹಿಡಿ ಹೊಸ ಹುಲ್ಲು ಹಾಕಿದರೂ ವ್ಯತ್ಯಾಸ ಕಾಣುತ್ತದೆ. ಮೋರಿ ಕಟ್ಟಿಕೊಳ್ಳುತ್ತದೆಂಬ ಭಯವಿದ್ದರೆ ಗೋಡೆಗೆ ಬಿದಿರಿನ ಗೂಡು ಮಾಡಿ ಅದರೊಳಗೆ ತುರುಕಬಹುದು. ಉದುರಿದ ಒಣ ಅಡಿಕೆ ಹಾಳೆಯನ್ನು ತೆಂಗಿನ ನಾರಿನ ಹಗ್ಗದಲ್ಲಿ ಮರಿಯ ಕಣ್ಣಿನ ಮಟ್ಟಕ್ಕೆ ಕಟ್ಟಿದರೆ ಅದೂ ಒಳ್ಳೆಯ ಆಟಿಕೆ. ಒಂದೇ ಹಾಳೆ ಸಾಲದು. ಮರಿಗಳು ಒಟ್ಟಿಗೇ ಏಳುವ, ಒಟ್ಟಿಗೇ ಆಡುವ ಸ್ವಭಾವದವು; ಹತ್ತು ಮರಿಗಳಿಗೆ ಒಂದನ್ನೇ ಕಟ್ಟಿದರೆ ಜಗಳಕ್ಕೆ ಕಾರಣವಾದೀತು.

ಬೋರ್ಡೊ ದ್ರಾವಣದ ನೀಲಿ ಕಲೆಯಿರುವ ಹಾಳೆಯಲ್ಲಿ ತಾಮ್ರವಿರುತ್ತದೆ, ಅದು ಬೇಡ. ಬೂಷ್ಟು ಹಿಡಿದ ಹುಲ್ಲು ಬೇಡವೇ ಬೇಡ. ಕಾಫಿ ಸಿಪ್ಪೆ ಧಾರಾಳವಾಗಿದ್ದರೂ ಅದರಲ್ಲಿ ಕೆಫೀನ್ ಉಳಿದಿರುವುದರಿಂದ ಗೊಬ್ಬರದ ಗುಂಡಿಗೇ ಹೋಗಲಿ. ಅಡಿಕೆ ಕಾಯಿ ಮರಿಗಳ ಬಾಯಿಗೆ ಸಿಗಬಾರದು. ಭಾರತದಲ್ಲಿ ೨೦೨೦ರಲ್ಲಿ ಆಫ್ರಿಕನ್ ಹಂದಿಜ್ವರ ಮೊದಲು ಕಾಣಿಸಿಕೊಂಡ ಮೇಲೆ ಇನ್ನೊಂದು ಎಚ್ಚರವೂ ಸೇರಿದೆ: ಕಾಡುಹಂದಿ ಓಡಾಡುವ ಜಾಗದ ತರಗು, ಹುಲ್ಲನ್ನು ಕೊಟ್ಟಿಗೆಗೆ ತರಬೇಡಿ.

ಬೆಳಿಗ್ಗೆ ಹುಲ್ಲು ಹಾಕುವಾಗ ಬಾಲಗಳ ಮೇಲೆ ಕಣ್ಣಿರಲಿ. ಸುರುಳಿ ಬಾಲ ನೆಮ್ಮದಿಯ ಗುರುತು. ಹಲವು ಮರಿಗಳು ಬಾಲವನ್ನು ಕಾಲ ಸಂದಿಯಲ್ಲಿ ಇಳಿಬಿಟ್ಟಿದ್ದರೆ ಗಾಯ ಕಾಣುವ ಮೊದಲೇ ಕಚ್ಚಾಟ ಶುರುವಾಗಿದೆಯೆಂದು ತಿಳಿಯಬೇಕು. ಆಗ ಹುಲ್ಲು ಹೆಚ್ಚಿಸಿ, ಕಚ್ಚುವ ಮರಿಯನ್ನು ಹುಡುಕಿ ಬೇರೆ ಮಾಡಿ; ಗಾಯಗೊಂಡದ್ದನ್ನು ಪ್ರತ್ಯೇಕವಾಗಿಟ್ಟು ಪಶುವೈದ್ಯರಿಗೆ ತೋರಿಸಿ.