ಹಳೆ ಬುಟ್ಟಿ ಲಾರಿ: ಕೊಳ್ಳುವ ಮೊದಲು, ಏರುವ ಮೊದಲು

ಬೀದಿದೀಪ ರಿಪೇರಿಗೆ ಬರುವ ಬುಟ್ಟಿ ಲಾರಿಯನ್ನು ಎಲ್ಲರೂ ನೋಡಿರುತ್ತೀರಿ. ಅಂಥದ್ದೊಂದು ಹಳೆಯದು ನನ್ನಲ್ಲಿದೆ. ಅಡಿಕೆ ತೋಟದೊಳಗೆ ಇದು ಹೋಗುವುದಿಲ್ಲ, ಆ ಆಸೆ ಬೇಡ. ಮನೆ ಮೇಲೆ ಬಾಗಿದ ಹಲಸಿನ ಗೆಲ್ಲು, ದಾರಿಬದಿಯ ತೆಂಗು, ಮಾವು, ಇಷ್ಟಕ್ಕೆ ಸರಿ. ಮರ ಹತ್ತುವವರು ಸಿಗದಿರುವಾಗ ಅಷ್ಟೂ ದೊಡ್ಡದೇ. "ಲಾಭ ಉಂಟಾ?" ಅಂತ ಕೇಳುವವರು ಬಹಳ ಜನ. ಬೀಳದೆ ಇಳಿಯುವುದು ಹೇಗೆ ಅಂತ ಯಾರೂ ಕೇಳಿಲ್ಲ. ಅದನ್ನೇ ಬರೆಯುತ್ತೇನೆ.

ಕೊಳ್ಳುವಾಗ ಹೊಸ ಪೈಂಟಿಗೆ ಮರುಳಾಗಬೇಡಿ. ಪೈಂಟಿನ ಅಡಿಯಲ್ಲಿ ವೆಲ್ಡಿಂಗ್ ಬಿರುಕು ಇರಬಹುದು. ಬೂಮ್‌ನ ಬುಡ, ಮಡಚುವ ಜಾಗದ ಪಿನ್ನು, ತಿರುಗುವ ತಟ್ಟೆಯ ಬೋಲ್ಟು, ಬುಟ್ಟಿ ಹಿಡಿದಿರುವ ಕಬ್ಬಿಣ, ಇವನ್ನೆಲ್ಲ ಉಜ್ಜಿ ನೋಡಬೇಕು. ಬುಟ್ಟಿ ಕೂರಿಸಿದ ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಿರಲೇಬೇಕು.

ಮಾರುವವರು ಬುಟ್ಟಿಯನ್ನು ಸರ್ರನೆ ಏರಿಸಿ ಇಳಿಸಿ ತೋರಿಸುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ನಾನು ಎರಡು ಮೂಟೆ ಮರಳು ತರಿಸಿ ಬುಟ್ಟಿಗೆ ಹಾಕಿದೆ (ಬುಟ್ಟಿ ತಾಳುವ ತೂಕ ಮೊದಲೇ ಓದಿಕೊಂಡಿದ್ದೆ). ಏರಿಸಿ, ಎಂಜಿನ್ ನಿಲ್ಲಿಸಿ, ಸಿಲಿಂಡರಿನ ಹೊಳೆಯುವ ದಂಡಕ್ಕೆ ಟೇಪು ಸುತ್ತಿ ಗುರುತು ಮಾಡಿದೆ. ಅರ್ಧ ಗಂಟೆ ಯಾರನ್ನೂ ಕೆಳಗೆ ನಿಲ್ಲಲು ಬಿಡಲಿಲ್ಲ. ನೋಡಿದರೆ ಗುರುತು ಎರಡು ಬೆರಳು ಜಾರಿದೆ! ಅಂದರೆ ಒಳಗಿನ ಸೀಲು ಸವೆದಿದೆ, ಇಲ್ಲವೇ ಲಾಕ್ ವಾಲ್ವ್ ಹಿಡಿಯುತ್ತಿಲ್ಲ. ಎಣ್ಣೆ ಪೈಪು ಒಡೆದರೂ ಬುಟ್ಟಿಯನ್ನು ಗಾಳಿಯಲ್ಲೇ ನಿಲ್ಲಿಸುವುದು ಆ ವಾಲ್ವ್. ಎರಡನ್ನೂ ಸರಿಮಾಡಿಸಿ, ಮತ್ತೆ ಮರಳು ಏರಿಸಿ ನೋಡಿದ ಮೇಲೆಯೇ ದುಡ್ಡು ಕೊಟ್ಟೆ. ಪೈಪಿನ ಸೋರಿಕೆಯನ್ನು ಕೈಯಿಂದ ಮುಟ್ಟಿ ಹುಡುಕಬೇಡಿ. ಒತ್ತಡದ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿ.

ಇಷ್ಟು ಜಾಗ್ರತೆ ಮಾಡಿದವ ಎಡವಿದ್ದು ನೆಲದಲ್ಲಿ. ಮಳೆಗಾಲದ ಆರಂಭ, ಅಂಗಳದ ಬದಿಯ ಹಲಸು. ಜಾಕಿನ ಒಂದು ಕಾಲು ಊರಿದ ಜಾಗ ಹಿಂದೆ ಗೊಬ್ಬರದ ಗುಂಡಿ, ಮುಚ್ಚಿ ವರ್ಷಗಳಾಗಿದ್ದವು. ನನಗೆ ಗೊತ್ತಿತ್ತು, ನೆನಪಾಗಲಿಲ್ಲ. ಬುಟ್ಟಿಯನ್ನು ಆ ಕಡೆ ತಿರುಗಿಸಿದ್ದೇ ತಡ, ಕಾಲು ಒಂದು ಗೇಣು ಇಳಿಯಿತು. ಮೇಲೆ ನನಗೆ ಮರವೇ ವಾಲಿದ ಹಾಗೆ ಕಂಡಿತು. "ಭಾವಾ, ಜಾಕ್ ಹೋಗ್ತಾ ಉಂಟು!" ಅಂತ ಕೆಳಗಿದ್ದ ಭಾವಮೈದ ಕೂಗಿದ. ಗಾಬರಿಯಲ್ಲಿ ಜಾಕ್ ಎತ್ತಲು ಹೊರಟಿದ್ದ, ಬೇಡವೆಂದೆ. ಬೂಮನ್ನು ನಿಧಾನ ಹಿಂದಕ್ಕೆ ಮಡಚಿ, ಬುಟ್ಟಿ ಲಾರಿಯ ನೆತ್ತಿಗೆ ಬಂದ ಮೇಲೆ ಇಳಿಸಿದೆ. ಮತ್ತೆ ಅರ್ಧ ದಿನ ಕೆಲಸ ಮಾಡಲಿಲ್ಲ. ಈಗ ಪ್ರತಿ ಕಾಲಿನಡಿಗೂ ಅಗಲದ ದಪ್ಪ ಹಲಗೆ. ಹೊಸ ಮಣ್ಣು, ಅಗಳಿನ ಅಂಚು, ಬರೆಯ ತುದಿ, ಟ್ಯಾಂಕಿನ ಮುಚ್ಚಳ, ಇಲ್ಲೆಲ್ಲ ನಿಲ್ಲಿಸುವುದೇ ಇಲ್ಲ. ಕೆಳಗೆ ಇಳಿಸಲು ತಿಳಿದವರೊಬ್ಬರು ಇಲ್ಲದೆ ಏರುವುದೂ ಇಲ್ಲ.

ವಿದ್ಯುತ್ ತಂತಿಯ ಮಾತು. ನನ್ನದು ಕಬ್ಬಿಣದ ಬುಟ್ಟಿ. ಫೈಬರಿನದಾದರೂ ಪರೀಕ್ಷೆ ಮಾಡಿದ ಪತ್ರವಿಲ್ಲದಿದ್ದರೆ ಕಬ್ಬಿಣವೆಂದೇ ತಿಳಿಯಿರಿ. 11 ಕೆವಿ ತಂತಿ ಹತ್ತಿರವಿದ್ದರೆ ಲೈನ್‌ಮ್ಯಾನ್ ಬಂದು ಲೈನ್ ಆಫ್ ಮಾಡಿ ಅರ್ಥಿಂಗ್ ಹಾಕುವವರೆಗೆ ನಾನು ಮರದ ತಂಟೆಗೆ ಹೋಗುವುದಿಲ್ಲ. ಕರೆಂಟ್ ಹೋಗಿದೆಯಲ್ಲ ಅನ್ನುವ ಧೈರ್ಯ ಬೇಡ, ಯಾವಾಗ ಬರುತ್ತದೋ ಯಾರಿಗೆ ಗೊತ್ತು? ಬೂಮ್ ತಂತಿಗೆ ತಾಗಿದರೆ ಮೇಲಿದ್ದವರಷ್ಟೇ ಅಲ್ಲ, ಲಾರಿಗೆ ಕೈಯಿಟ್ಟು ನಿಂತವರೂ ಸಾಯುತ್ತಾರೆ. ಹತ್ತಿರ ಯಾರೂ ಬರಬಾರದು.

ಬೆಲ್ಟನ್ನು ಬೂಮ್‌ನ ಕೊಂಡಿಗೆ ಸಿಕ್ಕಿಸಬೇಕು, ಮರಕ್ಕಲ್ಲ. ಕಡಿದ ಗೆಲ್ಲನ್ನು ಬುಟ್ಟಿಗೆ ಕಟ್ಟಿ ಇಳಿಸುವ ಉಪಾಯ ಕೆಲವರು ಹೇಳುತ್ತಾರೆ. ಬುಟ್ಟಿ ಕ್ರೇನ್ ಅಲ್ಲ ಮಾರಾಯ್ರೆ. ಚಿಕ್ಕ ಚಿಕ್ಕ ತುಂಡು ಮಾಡಿ, ಹಗ್ಗದಲ್ಲಿ ಬೇರೆ ಗೆಲ್ಲಿನಿಂದ ಇಳಿಸಿ.