ದಾರಿ ಮುಚ್ಚಿದಲ್ಲಿ ಏಜೆಂಟನ ಅಂಗಡಿ

2021ರ ಜೂನ್‌ನಲ್ಲಿ ಮಂಗಳೂರು ಪೊಲೀಸರು 38 ಮಂದಿ ಶ್ರೀಲಂಕಾ ಪ್ರಜೆಗಳನ್ನು ಬಂಧಿಸಿದರು. ದೋಣಿಯಲ್ಲಿ ತಮಿಳುನಾಡಿನ ಕರಾವಳಿಗೆ ಬಂದಿಳಿದವರು ಅವರು. ಕೆನಡಾಕ್ಕೆ ಕಳಿಸುತ್ತೇವೆಂದು ಏಜೆಂಟರು ಲಕ್ಷಗಟ್ಟಲೆ ಕಿತ್ತಿದ್ದರು. ಮಾನವ ಕಳ್ಳಸಾಗಣೆಯೆಂದು ಪ್ರಕರಣ ರಾಷ್ಟ್ರೀಯ ತನಿಖಾ ಸಂಸ್ಥೆಯ (ಎನ್‌ಐಎ) ಕೈಗೆ ಹೋಯಿತು, ಆದರೂ ಜೈಲು ಕಂಡವರಲ್ಲಿ ಮೋಸಹೋದವರೇ ಹೆಚ್ಚು. ಇತ್ತ ನಮ್ಮ ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿಗಳಿಗೆ ಹೊಂದಿಕೊಂಡ ಮುಂಡಗೋಡದಲ್ಲಿ 1966ರಿಂದ ಟಿಬೆಟನ್ನರಿದ್ದಾರೆ. ಅವರೂ ನೆಲೆ ಕಳೆದುಕೊಂಡು ಬಂದವರೇ. ಸರ್ಕಾರ ಅವರಿಗೆ ಜಮೀನು ಕೊಟ್ಟಿತು, ನೋಂದಣಿ ಪತ್ರ ಕೊಟ್ಟಿತು. ಯಾರಿದ್ದಾರೆ, ಎಲ್ಲಿದ್ದಾರೆ ಎಂಬುದಕ್ಕೆ ದಾಖಲೆಯಿದೆ. ಈ ಎರಡು ಪ್ರಸಂಗಗಳ ನಡುವಿನ ಅಂತರವನ್ನು ಹುಟ್ಟಿಸಿದ್ದು ಕಾನೂನುಬದ್ಧ ದಾರಿಯೊಂದು ಇದ್ದದ್ದು, ಇಲ್ಲದ್ದು.

ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಒಂದು ಕಾಯ್ದೆಯೂ ಇಲ್ಲ. ದಾಖಲೆಯಿಲ್ಲದೆ ಒಳಬಂದರೆ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲಿ 5 ವರ್ಷದವರೆಗೆ ಸೆರೆ ಅಥವಾ 5 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. 2015ರ ಜನವರಿ 9ರೊಳಗೆ ಬಂದು ನೋಂದಾಯಿಸಿಕೊಂಡ ಶ್ರೀಲಂಕಾ ತಮಿಳರಿಗೆ ವಿನಾಯಿತಿಯುಂಟು. ಆಮೇಲೆ ಬಂದವರ ಪಾಲಿಗೆ ಅದೂ ಇಲ್ಲ. ಇಂಥವರಿಗೆ ಕಾನೂನಿನ ದಾರಿ ತೆರೆದರೆ ಜನ ನುಗ್ಗುತ್ತಾರೆ, ಭದ್ರತೆಗೆ ಕುತ್ತು ಎನ್ನುವವರಿದ್ದಾರೆ. ಭದ್ರತೆಯ ಅಳುಕು ಸುಳ್ಳಲ್ಲ. ಆದರೆ ಅರ್ಜಿ ಹಾಕಿ, ಬೆರಳಚ್ಚು ಕೊಟ್ಟು ಬಂದವನ ಮೇಲೆ ಕಣ್ಣಿಡಬಹುದು. ರಾತ್ರಿ ದೋಣಿಯಲ್ಲಿ ಇಳಿದವನ ಲೆಕ್ಕ ಏಜೆಂಟನೊಬ್ಬನಿಗೇ ಗೊತ್ತು. ಹೆಚ್ಚು ಜನ ಬಂದಾರೆಂಬ ಭಯಕ್ಕೆ ವರ್ಷಕ್ಕಿಷ್ಟು ಎಂಬ ಮಿತಿ ಹಾಕಲು ಯಾರ ಅಡ್ಡಿಯೂ ಇಲ್ಲ.

ಇದು ಪರದೇಶಿಗಳ ಕಥೆ ಎಂದು ಸವಣೂರು, ಹಿರೇಕೆರೂರಿನವರು ಪುಟ ಮಗುಚಬೇಡಿ, ಕೊಲ್ಲಿಗೆ ಹೊರಟ ನಮ್ಮ ಹುಡುಗರಿಗೂ ಇದೇ ಬಲೆ. ವ್ಯತ್ಯಾಸವಿಷ್ಟೇ, ನಮಗೆ ನೇರ ದಾರಿ ಇದೆ. 1983ರ ವಲಸೆ ಕಾಯ್ದೆಯ ಪ್ರಕಾರ ಪರವಾನಗಿ ಪಡೆದ ಏಜೆಂಟನ ಹೆಸರು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿರುತ್ತದೆ. ಅವನು ತೆಗೆದುಕೊಳ್ಳಬಹುದಾದ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಹತ್ತನೇ ತರಗತಿ ಪಾಸಾಗದವರು ಕೆಲಸಕ್ಕೆ ಕೊಲ್ಲಿಗೆ ಹೋಗಲು ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು, ಅದರ ಜೊತೆಗೆ 10 ಲಕ್ಷದ ವಿಮೆಯೂ ಬರುತ್ತದೆ. ಎಲ್ಲ ಮುರಿದುಬೀಳುವುದು ಇಲ್ಲೇ: "ಕ್ಲಿಯರೆನ್ಸ್ ಯಾಕೆ, ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಕೆಲಸದ ವೀಸಾ ಮಾಡಿಸ್ತೀನಿ" ಎನ್ನುತ್ತಾನೆ ಏಜೆಂಟ. ಆ ಒಂದು ಮಾತಿಗೆ ಒಪ್ಪಿದಿರೋ, ಒಪ್ಪಂದಪತ್ರ ಹೋಯಿತು, ವಿಮೆ ಹೋಯಿತು; ಅಲ್ಲಿಯ ಪೊಲೀಸರ ಲೆಕ್ಕದಲ್ಲಿ ನೀವೇ ತಪ್ಪಿತಸ್ಥರು. ಹತ್ತನೇ ತರಗತಿ ಪಾಸಾದವರಿಗೆ ಸಾಮಾನ್ಯವಾಗಿ ಕ್ಲಿಯರೆನ್ಸ್ ಬೇಡ, ನಿಜ; ಆದರೆ ಅವರ ಒಪ್ಪಂದವನ್ನು ಸರ್ಕಾರದ ಪರವಾಗಿ ನೋಡುವವರೂ ಇಲ್ಲ, ಹಾಗಾಗಿ ಕೆಲಸದ ವೀಸಾ ಕೈಗೆ ಬರುವವರೆಗೆ ಅವರೂ ದುಡ್ಡು ಕೊಡಬಾರದು. ಕೊಡುವುದಾದರೂ ಬ್ಯಾಂಕ್ ಮೂಲಕ.

ಮೋಸವಾಗಿದ್ದರೆ ಠಾಣೆಯಲ್ಲಿ "ನೀವೇ ದುಡ್ಡು ಕೊಟ್ಟಿದ್ದಲ್ವಾ" ಎಂಬ ಉಡಾಫೆ ಕೇಳಬೇಕಾದೀತು. ಎಫ್‌ಐಆರ್ ಬರೆಯದಿದ್ದರೆ ದೂರನ್ನು ಸ್ಪೀಡ್ ಪೋಸ್ಟ್‌ನಲ್ಲಿ ಹಾವೇರಿ ಎಸ್‌ಪಿಗೆ ಕಳಿಸಿ, ಅದಕ್ಕೂ ಉತ್ತರವಿಲ್ಲದಿದ್ದರೆ ಮ್ಯಾಜಿಸ್ಟ್ರೇಟರಲ್ಲಿ ಅರ್ಜಿ ಹಾಕಿ. ಮಾನವ ಕಳ್ಳಸಾಗಣೆಗೆ ಬಲಿಯಾದವರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತ. 1987ರ ಕಾನೂನು ಸೇವೆಗಳ ಕಾಯ್ದೆ ಇದನ್ನು ಪ್ರಜೆಗಳಿಗಷ್ಟೇ ಸೀಮಿತಗೊಳಿಸಿಲ್ಲ, ಮಂಗಳೂರಿನ ಆ ಶ್ರೀಲಂಕನ್ನರಿಗೂ ಆ ಹಕ್ಕಿತ್ತು. ನಿಮ್ಮ ತಾಲ್ಲೂಕು ಕೋರ್ಟಿನಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಕೋರ್ಟ್ ಬಾಗಿಲಲ್ಲಿ "ನಾನು ಮಾಡಿಸಿಕೊಡ್ತೀನಿ" ಎಂದು ಬರುವವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.