ತೂಬಿರುವ ಕೆರೆ

ಶ್ರೀಲಂಕಾದ ಕಲಾ ವೆವದ ಏರಿಯ ಮೇಲೆ ಕಾರು ನಿಂತಾಗ ಬೆಳಗಿನ ಎಂಟೂವರೆ. ಒಂದು ಮಗ್ಗುಲಿಗೆ ಕಣ್ಣು ಹಾಯುವಷ್ಟೂ ನೀರು, ಇನ್ನೊಂದು ಮಗ್ಗುಲಿಗೆ ಹೊಂಬಣ್ಣಕ್ಕೆ ತಿರುಗುತ್ತಿದ್ದ ಭತ್ತ. ಸಿಂಹಳದಲ್ಲಿ ವೆವ ಎಂದರೆ ಕೆರೆ. ಐದನೇ ಶತಮಾನದಲ್ಲಿ ಧಾತುಸೇನ ಎಂಬ ರಾಜ ಇದನ್ನು ಕಟ್ಟಿಸಿದ. ಅಲ್ಲೇ ನಿಂತು ನಮ್ಮ ಕಾರಿನ ಚಾಲಕ ಅವನ ಕಥೆ ಹೇಳಿದರು. ಶ್ರೀಲಂಕಾದ ಪ್ರಾಚೀನ ಗ್ರಂಥ ಚೂಳವಂಶದಲ್ಲಿ ಬರುವ ಕಥೆ. ಮಗ ಕಾಶ್ಯಪ ತಂದೆಯನ್ನು ಸೆರೆಗೆ ಹಾಕಿ, ಬಚ್ಚಿಟ್ಟ ಸಂಪತ್ತು ಎಲ್ಲಿದೆ ತೋರಿಸು ಎಂದು ಪೀಡಿಸಿದನಂತೆ. ಕಲಾ ವೆವಕ್ಕೆ ಕರೆದುಕೊಂಡು ಹೋದರೆ ತೋರಿಸುತ್ತೇನೆ ಎಂದ ಧಾತುಸೇನ. ಕೆರೆಗಿಳಿದು ಮಿಂದು, ಬೊಗಸೆಯಲ್ಲಿ ನೀರೆತ್ತಿ, ನನ್ನ ಸಂಪತ್ತೆಲ್ಲ ಇದೇ ಎಂದ. ಸಿಟ್ಟಿಗೆದ್ದ ಮಗ ತಂದೆಯನ್ನು ಕೊಲ್ಲಿಸಿದ.

ಆ ಕಾಶ್ಯಪನೇ ಸಿಗಿರಿಯ ಬಂಡೆಯ ಮೇಲೆ ಅರಮನೆ ಕಟ್ಟಿಸಿದವನು. ಕ್ರಿ.ಶ. 477ರಿಂದ 495ರವರೆಗೆ, ಬರೀ ಹದಿನೆಂಟು ವರ್ಷ, ಅದು ರಾಜಧಾನಿಯಾಗಿತ್ತು. ತಂದೆ ಕಟ್ಟಿಸಿದ ಕೆರೆ ನಡುವೆ ಪಾಳುಬಿದ್ದು, ಮತ್ತೆ ದುರಸ್ತಿಯಾಗಿ, ಇಂದಿಗೂ ಗದ್ದೆಗೆ ನೀರುಣಿಸುತ್ತಿದೆ. ಹಣದ ಬಗ್ಗೆ ವರ್ಷಗಟ್ಟಲೆ ಬರೆದ ನನಗೆ ಸಂಪತ್ತು ಎಂದರೇನು ಎಂಬುದನ್ನು ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ.

ಪ್ರವಾಸಕ್ಕೆಂದೇ ಒಂದು ಆರ್‌ಡಿ

2025ರ ಫೆಬ್ರುವರಿಯಲ್ಲಿ ನಾನು ಮತ್ತು ನಮ್ಮ ಮನೆಯವರು ಏಳು ದಿನ ಶ್ರೀಲಂಕಾ ಸುತ್ತಿದೆವು. ಅನುರಾಧಪುರ, ಮಿಹಿಂತಲೆ, ಅವುಕನ, ದಂಬುಲ್ಲ, ಸಿಗಿರಿಯ, ಪೊಲೊನ್ನರುವ, ಕೊನೆಗೆ ಕ್ಯಾಂಡಿ. ಸಾಲ ಮಾಡಿ ಪ್ರವಾಸ ಹೋಗಬಾರದು ಎಂಬುದು ನಮ್ಮ ಮನೆಯ ನಿಯಮ. ಹಾಗಾಗಿ ತಿಂಗಳಿಗೆ ₹7,000ದಂತೆ ಹದಿನೆಂಟು ತಿಂಗಳ ಆರ್‌ಡಿ ಕಟ್ಟಿದೆವು. ಬಡ್ಡಿ ಸೇರಿ ₹1,32,000ದ ಹತ್ತಿರ ಕೈಗೆ ಬಂತು.

ಲೆಕ್ಕ ಹೀಗಿತ್ತು. ಇಬ್ಬರ ವಿಮಾನ ₹36,000. ಚಾಲಕರ ಸಮೇತ ಕಾರು ಆರು ದಿನಕ್ಕೆ ₹30,000. ಆರು ರಾತ್ರಿಯ ಕೋಣೆ ₹24,000. ಊಟ ತಿಂಡಿ ₹14,000. ಮೂರು ಪ್ರಾಚೀನ ನಗರಗಳ ಟಿಕೆಟ್ಟಿಗೆ ₹8,000. ವಿಮೆ, ಸಿಮ್, ಚಿಲ್ಲರೆ ಖರ್ಚಿಗೆ ₹4,000. ಇದರ ಮೇಲೆ ಹತ್ತಕ್ಕೆ ಒಂದರಂತೆ ₹12,000 ಮುನ್ನೆಚ್ಚರಿಕೆಗೆ. ಒಟ್ಟು ₹1,28,000 ಎಂದುಕೊಂಡಿದ್ದೆವು, ಖರ್ಚಾದದ್ದು ₹1,21,400.

ಹಣ ಉಳಿಸಿದ ಸಂಗತಿಗಳು ಸಣ್ಣವು. ಅಲ್ಲಿನ ಪ್ರಾಚೀನ ನಗರಗಳಲ್ಲಿ ವಿದೇಶಿಯರಿಗೆ ಟಿಕೆಟ್ ಡಾಲರ್ ಲೆಕ್ಕದಲ್ಲಿ, ದುಬಾರಿ. ಸಾರ್ಕ್ ದೇಶಗಳ ಪಾಸ್‌ಪೋರ್ಟ್ ಇದ್ದವರಿಗೆ ರಿಯಾಯಿತಿ ಉಂಟು, ಆದರೆ ಪಾಸ್‌ಪೋರ್ಟ್ ಕೈಯಲ್ಲಿರಬೇಕು. ಹೋಟೆಲ್ ಕೋಣೆಯಲ್ಲಿ ಬೀಗ ಹಾಕಿಟ್ಟು ಹೋದರೆ ಪೂರ್ತಿ ದರ ತೆರಬೇಕಾದೀತು. ಫೋನಿನ ಯುಪಿಐ 2024ರ ಫೆಬ್ರುವರಿಯಿಂದ ಅಲ್ಲಿಯೂ ಚಾಲ್ತಿಗೆ ಬಂದಿದೆ. ಆದರೂ ಹಳ್ಳಿಗಾಡಿನಲ್ಲಿ ಎಳನೀರು, ಎಮ್ಮೆ ಮೊಸರಿನ ಮಣ್ಣಿನ ಕುಡಿಕೆ, ಬೈನೆ ಮರದ ಪಾಕ ಇವಕ್ಕೆಲ್ಲ ಕೈಯಲ್ಲಿ ನೋಟು ಬೇಕು.

ಒಂದು ಕಡೆ ಎಡವಿದೆ. ಮೂರು ರಾತ್ರಿ ತಂಗಿದ್ದ ಹೋಟೆಲಿನ ಬಿಲ್ಲು ಅಲ್ಲಿನ 42,000 ರೂಪಾಯಿ. ಆಗ ನಮ್ಮ ಒಂದು ರೂಪಾಯಿಗೆ ಅಲ್ಲಿನದು ಹೆಚ್ಚುಕಡಿಮೆ 3.4 ಇತ್ತು. ನಮ್ಮ ಲೆಕ್ಕದಲ್ಲಿ ₹12,300ರ ಆಸುಪಾಸು. ಕಾರ್ಡ್ ಯಂತ್ರ ಭಾರತದ ರೂಪಾಯಿಯೋ ಶ್ರೀಲಂಕಾದ ರೂಪಾಯಿಯೋ ಎಂದು ಕೇಳಿತು. ನಮ್ಮ ರೂಪಾಯಿಯಲ್ಲಾದರೆ ಎಷ್ಟೆಂದು ಗೊತ್ತಾಗುತ್ತದಲ್ಲ ಎಂದು ಅದನ್ನೇ ಒತ್ತಿದೆ. ಬಂದ ಮೊತ್ತ ₹12,950. ಆ ಯಂತ್ರದ ಹಿಂದಿನ ಕಂಪನಿ ತನ್ನದೇ ದರ ಹಾಕಿ ಲಾಭ ಇಟ್ಟುಕೊಳ್ಳುತ್ತದೆ. ಯಾವ ದೇಶಕ್ಕೆ ಹೋದರೂ ಆ ದೇಶದ ಹಣದಲ್ಲೇ ಪಾವತಿಸಿ. ಇನ್ನು ಟೂರ್ ಕಂಪನಿಯ ವಿದೇಶ ಪ್ಯಾಕೇಜ್ ಕೊಂಡವರಿಂದ ಟಿಸಿಎಸ್, ಅಂದರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ, ವಸೂಲಾಗುತ್ತದೆ. ಅದು ಹೋದ ಹಣವಲ್ಲ, ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ತೋರಿಸಿ ಹೊಂದಿಸಿಕೊಳ್ಳಬಹುದು. ಎಷ್ಟೋ ಜನ ಮರೆಯುತ್ತಾರೆ.

ನೀರಿತ್ತು, ತೂಬಿರಲಿಲ್ಲ

ಅನುರಾಧಪುರದಲ್ಲಿ ಬೋಧಿವೃಕ್ಷದ ಅಂಗಳಕ್ಕೆ ಬೆಳಗ್ಗೆ ಬೇಗ ಹೋಗಿದ್ದೆವು. ಬುದ್ಧನಿಗೆ ಜ್ಞಾನೋದಯವಾದ ಗಯೆಯ ಮರದ ಕೊಂಬೆಯನ್ನು ಅಶೋಕನ ಮಗಳು ಸಂಘಮಿತ್ರೆ ತಂದಳೆಂದೂ, ಕ್ರಿ.ಪೂ. 288ರಲ್ಲಿ ನೆಟ್ಟದ್ದೆಂದೂ ಅಲ್ಲಿನ ಪರಂಪರೆ. ಬಿಳಿಯುಟ್ಟ ಹೆಂಗಸರು ಪುಟ್ಟ ಬಿಂದಿಗೆಗಳಲ್ಲಿ ನೀರು ಹೊತ್ತು ಸಾಲಾಗಿ ಪ್ರದಕ್ಷಿಣೆ ಬರುತ್ತಿದ್ದರು. ಆ ಊರಿಗೆ ಎರಡು ಸಾವಿರ ವರ್ಷ ನೀರಿನ ಯೋಚನೆ ಬಿಟ್ಟು ಬೇರೆ ಯೋಚನೆ ಇರಲಿಲ್ಲವೇನೋ ಅನ್ನಿಸಿತು. ಕಲಾ ವೆವದಿಂದ ಅನುರಾಧಪುರದ ತಿಸ್ಸ ವೆವಕ್ಕೆ ನೀರು ತರುವ ಜಯ ಗಂಗೆ ಎಂಬ ಕಾಲುವೆ 87 ಕಿಲೊಮೀಟರ್ ಉದ್ದ. ಅದರ ಮೊದಲ ಭಾಗದ ಇಳಿಜಾರು ಮೈಲಿಗೆ ಆರೇ ಅಂಗುಲ.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಕೆರೆಯ ಏರಿಯಲ್ಲಿನ ಒಂದು ಕಲ್ಲಿನ ಚೌಕ. ಅದನ್ನು ಬಿಸೊಕೊಟುವ ಎನ್ನುತ್ತಾರೆ. ದೊಡ್ಡ ಕೆರೆಯ ತೂಬನ್ನು ಹಾಗೇ ತೆರೆದರೆ ನೀರಿನ ಒತ್ತಡಕ್ಕೆ ಏರಿಯೇ ಕಿತ್ತುಹೋಗುತ್ತದೆ. ಏರಿಯೊಳಗೆ ಕಲ್ಲು ಕಟ್ಟಿದ ಈ ಚೌಕದ ಬಾವಿಗೆ ನೀರು ಮೊದಲು ಬಿದ್ದು, ರಭಸ ಕಳೆದುಕೊಂಡು, ಬೇಕಾದಷ್ಟೇ ಹೊರಗೆ ಹೋಗುತ್ತದೆ. ಬ್ರಿಟಿಷರ ಕಾಲದ ನೀರಾವರಿ ಎಂಜಿನಿಯರ್ ಹೆನ್ರಿ ಪಾರ್ಕರ್ ಇದನ್ನು ಪರೀಕ್ಷಿಸಿ ಬೆರಗಾಗಿ ಬರೆದಿದ್ದಾನೆ. ಕೆರೆ ಕಟ್ಟುವುದನ್ನು ಬಹಳ ಜನ ಕಲಿತರು. ಇಷ್ಟು ದೊಡ್ಡ ಕೆರೆಯಿಂದ ನೀರನ್ನು ಹದವಾಗಿ ಬಿಡುವುದನ್ನು ಇವರು ಎರಡು ಸಾವಿರ ವರ್ಷದ ಹಿಂದೆಯೇ ಕಲಿತಿದ್ದರು.

ಅದನ್ನು ನೋಡುತ್ತ ನನಗೆ 2021ರ ಮೇ ತಿಂಗಳು ನೆನಪಾಯಿತು. ಅದಕ್ಕೆ ಎರಡು ವರ್ಷ ಮೊದಲು ನಮ್ಮ ಉಳಿತಾಯವನ್ನೆಲ್ಲ ತಂದು ಒಂದು ಸೈಟಿಗೆ ಸುರಿದಿದ್ದೆವು. ಕೊರೊನಾದ ಎರಡನೇ ಅಲೆಯಲ್ಲಿ ಅಪ್ಪ ಆಸ್ಪತ್ರೆ ಸೇರಿದರು. ಒಂಬತ್ತು ದಿನದಲ್ಲಿ ನಾಲ್ಕೂವರೆ ಲಕ್ಷ ಕಟ್ಟಬೇಕಾಗಿ ಬಂತು. ಖಾತೆಯಲ್ಲಿದ್ದದ್ದು ₹38,000. ಸೈಟಿಗೆ ಕಾಗದದ ಮೇಲೆ ಮೂವತ್ತು ಲಕ್ಷದ ಬೆಲೆ, ಕೊಳ್ಳುವವರು ಒಬ್ಬರೂ ಇಲ್ಲ. ಬಳೆ, ಸರ ಅಡವಿಟ್ಟು ಅಪ್ಪನನ್ನು ಉಳಿಸಿಕೊಂಡೆವು. ಅಂದು ನಮ್ಮಲ್ಲಿ ನೀರಿತ್ತು, ತೂಬಿರಲಿಲ್ಲ.

ಹಾಗಾಗಿ ಓದುಗರಿಗೆ ನಾನು ಮತ್ತೆ ಮತ್ತೆ ಹೇಳುವ ಮಾತು: ಆರು ತಿಂಗಳ ಮನೆಖರ್ಚು ಯಾವಾಗ ಬೇಕಾದರೂ ಕೈಗೆ ಬರುವಂತಿರಲಿ. ಬೇಕಾದಾಗ ಮುರಿಯಬಹುದಾದ ಎಫ್‌ಡಿ ಆಗಲಿ, ಲಿಕ್ವಿಡ್ ಫಂಡ್ ಆಗಲಿ. ಬಡ್ಡಿ ಸ್ವಲ್ಪ ಕಡಿಮೆ ಬಂದರೆ ಬರಲಿ. ಅದು ಸಮಯಕ್ಕೆ ತೆರೆಯುವ ತೂಬಿನ ಬೆಲೆ.

ಮೂರು ಬರ ಕಂಡ ಚಾಲಕ

ನಮ್ಮ ಚಾಲಕರಿಗೆ ನಲವತ್ತೈದರ ವಯಸ್ಸು. ದಂಬುಲ್ಲದ ಗುಹೆಗಳಿಂದ ಇಳಿದು ಬಂದು, ಮಿನ್ನೇರಿಯ ಕೆರೆಯ ಕಡೆ ಹೋಗುವಾಗ ತಮ್ಮ ಕಥೆ ಹೇಳಿದರು. ಕಂತಿನ ಮೇಲೆ ಕಾರು ಕೊಂಡ ಸ್ವಲ್ಪ ದಿನಕ್ಕೇ 2019ರ ಏಪ್ರಿಲ್‌ನ ಈಸ್ಟರ್ ಬಾಂಬ್ ಸ್ಫೋಟ, ಪ್ರವಾಸಿಗರು ನಿಂತರು. ಮರುವರ್ಷ ಕೊರೊನಾ. ಇನ್ನೇನು ಚೇತರಿಸಿಕೊಂಡೆ ಅನ್ನುವಾಗ 2022. ಆ ವರ್ಷದ ಏಪ್ರಿಲ್‌ನಲ್ಲಿ ಶ್ರೀಲಂಕಾ ವಿದೇಶಿ ಸಾಲ ತೀರಿಸಲಾಗದೆಂದು ಘೋಷಿಸಿತು. ಮಾರ್ಚ್ ಮೊದಲಲ್ಲಿ ಡಾಲರಿಗೆ ಸುಮಾರು 200 ಇದ್ದ ಅಲ್ಲಿನ ರೂಪಾಯಿ ಮೇ ಹೊತ್ತಿಗೆ 360ಕ್ಕೆ ಕುಸಿಯಿತು. ಸೆಪ್ಟೆಂಬರ್‌ನಲ್ಲಿ ಆಹಾರದ ಬೆಲೆ ಹಿಂದಿನ ವರ್ಷಕ್ಕಿಂತ ಶೇ 90ಕ್ಕೂ ಹೆಚ್ಚು ಏರಿತ್ತು. ಪೆಟ್ರೋಲಿಗೆ ಎರಡು ದಿನ ಸಾಲಿನಲ್ಲಿ ನಿಂತು ಕಾರಿನಲ್ಲೇ ಮಲಗಿದ್ದೆ ಎಂದರು.

‘ಬ್ಯಾಂಕಿನಲ್ಲಿ ದುಡ್ಡಿನ ಅಂಕಿ ಹಾಗೇ ಇತ್ತು ಮ್ಯಾಡಂ, ಅಂಗಡಿಗೆ ಹೋದರೆ ಅರ್ಧ ಚೀಲವೂ ತುಂಬುತ್ತಿರಲಿಲ್ಲ’ ಎಂದರು. ಅವರನ್ನು ಉಳಿಸಿದ್ದು ಹೆಂಡತಿಯ ತವರಿನ ಎರಡು ಎಕರೆ ಗದ್ದೆ, ಹೆಂಡತಿ ಮನೆಯಲ್ಲೇ ಮಾಡುತ್ತಿದ್ದ ಹೊಲಿಗೆ, ಮನೆಯ ಹಿಂದಿನ ಹತ್ತು ತೆಂಗಿನ ಮರ. ಮೂರೂ ಸಣ್ಣವು. ಮೂರೂ ಒಟ್ಟಿಗೆ ಬತ್ತಲಿಲ್ಲ.

ಆ ಸೀಮೆಯ ಕೆರೆಗಳೂ ಹಾಗೇ. ಒಂದೇ ಕಣಿವೆಯಲ್ಲಿ ಒಂದರ ಕೆಳಗೊಂದು ಸಣ್ಣ ಕೆರೆ. ಮೇಲಿನದು ಕೋಡಿ ಬಿದ್ದರೆ, ಮೇಲಿನ ಗದ್ದೆಯಿಂದ ಬಸಿದರೆ, ಆ ನೀರು ಕೆಳಗಿನದಕ್ಕೆ. ಈ ಕೆರೆಸರಣಿಯನ್ನು ಎಲ್ಲಂಗಾವ ಎನ್ನುತ್ತಾರೆ. 2017ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇದನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿತು. ನಾನು ಹುಟ್ಟಿದ ಕೋಲಾರ ಸೀಮೆಯ ಕೆರೆಗಳದ್ದೂ ಇದೇ ಕಟ್ಟಣೆ. ಎಷ್ಟೋ ಕೆರೆಗಳ ನಡುವಿನ ರಾಜಕಾಲುವೆ ಒತ್ತುವರಿಯಾಗಿ, ಹೂಳು ತುಂಬಿ, ನೀರು ಹರಿಯದ ಸಂಕಟ ನಮ್ಮ ಕಣ್ಣ ಮುಂದಿದೆ.

ಸಂಬಳವೊಂದನ್ನೇ ನಂಬಿದ ಮನೆ ಒಂದೇ ಕೆರೆಯ ಊರು. ಸಣ್ಣದಾದರೂ ಎರಡನೆಯ ಆದಾಯ, ಒಂದು ಪಿಪಿಎಫ್, ಒಂದಿಷ್ಟು ಇಂಡೆಕ್ಸ್ ಫಂಡ್, ಮನೆಮಂದಿಗೆಲ್ಲ ಆರೋಗ್ಯ ವಿಮೆ, ಇವು ಒಂದಕ್ಕೊಂದು ಆಸರೆ.

ತಾವರೆ ಎಲೆಯ ಊಟ

ಹಬರಣದ ಹತ್ತಿರ ಹಿರಿವಡುನ್ನ ಎಂಬ ಕೆರೆದಂಡೆಯ ಹಳ್ಳಿ. ಕೆರೆಯ ಮೇಲೆ ತಾವರೆಗಳ ನಡುವೆ ದೋಣಿಯಲ್ಲಿ ದಾಟಿಸಿ, ಆಚೆ ದಡದ ಮಣ್ಣಿನ ಮನೆಯಲ್ಲಿ ಊಟ ಹಾಕುತ್ತಾರೆ. ಮನೆಯೊಡತಿಯನ್ನು ನಾನು ಅಕ್ಕ ಎಂದೆ. ಅವರ ಮುಖ ಅರಳಿತು. ಸಿಂಹಳದಲ್ಲೂ ಅಕ್ಕ ಎಂದರೆ ಅಕ್ಕನೇ. ನನ್ನನ್ನು ನಂಗಿ ಎಂದರು, ಎಂದರೆ ತಂಗಿ. ತಾವರೆ ಎಲೆಯ ಮೇಲೆ ಕೆಂಪಕ್ಕಿ ಅನ್ನ, ಎಳೆ ಹಲಸಿನ ಪಲ್ಯ, ಒಂದೆಲಗ ಮತ್ತು ತೆಂಗಿನ ತುರಿ ಕಲಸಿದ ಸಂಬೋಲ, ಬಿಸಿ ಬಿಸಿ ಕುರಕ್ಕನ್ ರೊಟ್ಟಿ. ಕುರಕ್ಕನ್ ಎಂದರೆ ನಮ್ಮ ರಾಗಿ. ಕೋಲಾರದವಳಿಗೆ ಇನ್ನೇನು ಬೇಕು!

ಊಟದ ನಂತರ ಚಾಲಕರ ಮೂಲಕ ಕೆರೆಯ ನೀರು ಹೇಗೆ ಹಂಚುತ್ತೀರಿ ಎಂದು ಕೇಳಿದೆ. ಪ್ರತಿ ಹಂಗಾಮಿಗೆ ಮೊದಲು ಊರಿನವರು ಸೇರುತ್ತಾರೆ. ಹಂಗಾಮಿಗೆ ಕನ್ನ ಎನ್ನುತ್ತಾರೆ, ಅದು ಕನ್ನದ ಸಭೆ. ಮೊದಲು ಕೆರೆಯಲ್ಲಿ ಎಷ್ಟು ನೀರಿದೆ ಎಂದು ನೋಡುತ್ತಾರೆ. ಅದರ ಮೇಲೆ ಎಷ್ಟು ಗದ್ದೆ ನಾಟಿ, ಯಾವ ದಿನ ತೂಬು ತೆರೆಯುವುದು ಎಂಬ ತೀರ್ಮಾನ.

ನೀರು ಸಾಲದ ವರ್ಷ? ಅಕ್ಕ ಬೆರಳಿನಿಂದ ನೆಲದ ಮೇಲೆ ಕೆರೆ ಬರೆದು, ಏರಿಯ ಹತ್ತಿರದ ಒಂದಿಷ್ಟು ಜಾಗಕ್ಕೆ ಗೆರೆ ಎಳೆದರು. ಅಷ್ಟರಲ್ಲಿ ಮಾತ್ರ ಬೆಳೆ. ಆದರೆ ಆ ತುಂಡನ್ನು ಆ ಹಂಗಾಮಿನ ಮಟ್ಟಿಗೆ ಎಲ್ಲ ಒಕ್ಕಲಿಗೂ ಅವರವರ ಪಾಲಿನಂತೆ ಹಂಚುತ್ತಾರೆ. ಕಾಲುವೆಯ ಕೊನೆಯಲ್ಲಿ ಗದ್ದೆ ಇರುವವನಿಗೂ ತೂಬಿನ ಹತ್ತಿರ ಒಂದು ಪಟ್ಟಿ. ಇದಕ್ಕೆ ಬೆತ್ಮ ಎಂದು ಹೆಸರು.

ಆ ಗೆರೆ ನೋಡುತ್ತ ನನಗೆ ನಮ್ಮ ಅತ್ತೆ ನೆನಪಾದರು. 2021ರ ಬಿಗಿಯ ದಿನಗಳಲ್ಲಿ ಅವರ ಕಣ್ಣಿಗೆ ಪೊರೆ ಬಂದಿತ್ತು. ನಾವು ಕೇಳಿದಾಗಲೆಲ್ಲ ‘ನಂದೇನು ಅವಸರ ಬಿಡಮ್ಮ, ಚೆನ್ನಾಗೇ ಕಾಣ್ಸುತ್ತೆ’ ಎನ್ನುತ್ತಿದ್ದರು. ಅಡವಿನ ಚಿನ್ನ ಬಿಡಿಸಿದೆವು, ಮಗಳ ಕಾಲೇಜಿನ ಫೀಸು ಕಟ್ಟಿದೆವು, ಪ್ರವಾಸದ ಆರ್‌ಡಿಯನ್ನೂ ಶುರುಮಾಡಿದೆವು. ಅವರ ಕಣ್ಣು ಮಾತ್ರ ಮುಂದಿನ ವರ್ಷಕ್ಕೆ, ಮತ್ತೆ ಮುಂದಿನ ವರ್ಷಕ್ಕೆ ಹೋಗುತ್ತಲೇ ಇತ್ತು. ಹಣ ಬಿಗಿಯಾದಾಗ ಎಲ್ಲ ಮನೆಗಳಲ್ಲೂ ಕಾಲುವೆಯ ಕೊನೆಯ ಗದ್ದೆಯೊಂದು ಮೊದಲು ಒಣಗುತ್ತದೆ. ಅದು ಹೆಚ್ಚಾಗಿ ಬಾಯಿಬಿಟ್ಟು ಕೇಳದವರ ಗದ್ದೆ. ಇಷ್ಟು ವರ್ಷ ಇತರರಿಗೆ ಬಜೆಟ್ ಬರೆಯಲು ಹೇಳಿಕೊಟ್ಟ ನಾನು ನನ್ನ ಮನೆಯಲ್ಲಿ ಅದನ್ನು ಕಂಡಿರಲಿಲ್ಲ.

ಯುಗಾದಿಯ ಮುನ್ನಾದಿನ

ಪ್ರವಾಸದಿಂದ ಮರಳಿದ ಮೇಲೆ ಬಂದ ಯುಗಾದಿಯ ಹಿಂದಿನ ಸಂಜೆ ನಮ್ಮ ಮನೆಯಲ್ಲಿ ಕನ್ನದ ಸಭೆ ಕೂಡಿತು. ಅತ್ತೆ, ನಾವಿಬ್ಬರು, ಮಗಳು. ಯಾರಿಗೆ ಏನು ಬೇಕು ಎಂದು ಮೊದಲು ಕೇಳಲಿಲ್ಲ. ವರ್ಷಕ್ಕೆ ಬರುವ ಹಣ, ಆಗಲೇ ಒಪ್ಪಿಕೊಂಡ ಕಂತು, ಆರು ತಿಂಗಳ ತೂಬಿನ ಹಣ ಇವನ್ನು ನೋಟ್‌ಬುಕ್ಕಿನಲ್ಲಿ ಬರೆದು, ಉಳಿಯುವುದು ಇಷ್ಟು ಎಂದು ಎಲ್ಲರಿಗೂ ತೋರಿಸಿದೆ. ಆಮೇಲೆ ಕೊನೆಯವರಿಂದ ಶುರುಮಾಡಿದೆವು. ಅತ್ತೆ ಎಂದಿನಂತೆ ‘ನಂದೇನು ಅವಸರ’ ಎಂದರು. ‘ಅಜ್ಜಿ, ನಿಮ್ಮದೇ ಮೊದಲ ಸಾಲು’ ಎಂದು ಮಗಳು ಪೆನ್ನು ಕೈಗೆ ತಗೊಂಡು ಬರೆದೇಬಿಟ್ಟಳು. ಹಳೆಯ ಕಾರು ಬದಲಿಸುವುದು ಇನ್ನೊಂದು ವರ್ಷ ಮುಂದಕ್ಕೆ ಹೋಯಿತು.

ಏಪ್ರಿಲ್‌ನಲ್ಲಿ ಅತ್ತೆಯ ಬಲಗಣ್ಣಿನ ಶಸ್ತ್ರಚಿಕಿತ್ಸೆ ಆಯಿತು. ಪಟ್ಟಿ ಬಿಚ್ಚಿ ಒಂದು ವಾರವಾದ ಮೇಲೆ ಮಗಳ ಫೋನಿನಲ್ಲಿ ನಮ್ಮ ಪ್ರವಾಸದ ಚಿತ್ರಗಳನ್ನು ಒಂದೊಂದಾಗಿ ನೋಡಿದರು. ಕಲಾ ವೆವದ ಚಿತ್ರ ಬಂದಾಗ ಫೋನನ್ನು ಕಣ್ಣಿಗೆ ಹತ್ತಿರ ತಂದು, ಬೆರಳಿಟ್ಟು ಕೇಳಿದರು: ‘ಇಲ್ಲಿ ಏರಿ ಹತ್ರ ಕಲ್ಲು ಕಟ್ಟಿರೋದು ಕಾಣ್ತಾ ಇದೆ, ಇದೇ ತೂಬೇನೇ?’